ಹಲೋ ಗುಂಡಿನ ಮೇಲಿನ ಊರು

ಕೌದಿಯ ಒಂದು ಅಂಚನ್ನು ಕಾಲ ಹೆಬ್ಬೆರಳಿನಡಿ ಒತ್ತಿ ಹಿಡಿದು, ಬಗ್ಗಿದ ಬೆನ್ನು ನೆಟ್ಟಗೆ ಮಾಡದೆ ಅಮರಮ್ಮ ಹದಿನೇಳನೆಯ ಸಾಲು ಹೊಲಿಯುತ್ತಿದ್ದಳು. ಭಾನುವಾರದ ಬೆಳಗು. ಪಡಸಾಲೆಯ ತುಂಬ ಹಳೆ ಸೀರೆಯ ತುಂಡು, ಅಂಗಿಯ ತೋಳು, ಹರಿದ ಲಂಗದ ಅಂಚು. ಎದುರಿಗೆ ಅತ್ತೆ ರಾಚವ್ವ. ಎಂಬತ್ತು ದಾಟಿದರೂ ಅವಳ ಹೊಲಿಗೆ ಸಾಲು ಎಳೆದ ಗೆರೆಯ ಹಾಗೆ ಬರುತ್ತಿತ್ತು.

"ನಿನ್ನ ಹೊಲಿಗಿ ಅಗಲ ಬಿದ್ದಾವ ನೋಡು," ರಾಚವ್ವ ಕನ್ನಡಕ ಏರಿಸಿಕೊಂಡಳು. "ಇಡೀ ಜಿಲ್ಲಾಕ್ಕ ಫೋನಿನ ಕಂಬ ನೆಡಸಾಕಿ. ಒಂದು ಕೌದಿಗಿ ಸಾಲು ಹಿಡಿಯಾಕ ಬರಂಗಿಲ್ಲ."

"ಜಿಲ್ಲಾದಾಗ ನನ್ನ ಹೊಲಿಗಿ ಯಾರೂ ಹೊಚಗೊಂಡು ಮಲಗಂಗಿಲ್ಲ ಬಿಡತ್ತಿ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಯೋಜನಾ ಕೋಣೆಯ ಖಾಜಾಹುಸೇನ. ಅಮರಮ್ಮನ ಕೈಕೆಳಗೆ ಎಂಟು ವರ್ಷದಿಂದ ಕೆಲಸ ಮಾಡುವವನು, ಭಾನುವಾರ ಸುಮ್ಮಸುಮ್ಮನೆ ಫೋನು ಮಾಡುವ ಆಸಾಮಿ ಅಲ್ಲ.

"ಅಕ್ಕಾರ, ನಮ್ಮ ಇರಿವಿ ಎಲ್ಲಾ ಒಂದು ಗುಂಡಿನ ಮ್ಯಾಲ ಹತ್ತಿ ಕುಂತಾವ. ಇಳೀವಲ್ವು."

"ಗುಂಡು ಅಂದ್ರ?"

"ಕಲ್ಲುಗುಂಡು ರೀ. ಬೋಳು ಬಂಡಿ. ಮನಿ ಇಲ್ಲ, ಗಿಡ ಇಲ್ಲ. ಇರಿವಿ ಅಲ್ಲಿ ಮೂರು ಕಂಬ ಬೇಕು ಅಂತಾವ. ನಾಕುನೂರು ಮಂದಿ ಅದಾರ ಅಂತಾವ."

ಅಮರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

"ಇರಿವಿಗೆ ಇಷ್ಟು ಅರಿಶಿಣ ಹಾಕಂತ ಹೇಳು, ಓಡಿಹೋಗ್ತಾವ," ಎಂದಳು ರಾಚವ್ವ, ತಲೆ ಎತ್ತದೆ.

*

ಅರಿಶಿನಕ್ಕೆ ಹೆದರುವ ಇರುವೆಗಳಲ್ಲ ಅವು. ಯಂತ್ರದೊಳಗಿನ ಇರುವೆಗಳು.

ಆಕಾಶಕ್ಕೆ ಚುಚ್ಚಿದಂತಿದ್ದ ಹಳೆಯ ಟವರುಗಳನ್ನೆಲ್ಲ ಇಳಿಸಿ, ಬೀದಿದೀಪದ ಕಂಬದಷ್ಟೇ ಎತ್ತರದ ಫೋನ್ ಕಂಬಗಳನ್ನು ನೆಡುವ ಕಾಲ ಅದು. ಅಮರಮ್ಮನ ಜಿಲ್ಲೆಗೆ ಸಿಕ್ಕದ್ದು ಮೂರು ಸಾವಿರದ ನೂರು ಕಂಬ. ಒಂದು ಹೆಚ್ಚಿಲ್ಲ. ನೆಡಬಹುದಾದ ಜಾಗ ಮಾತ್ರ ಲಕ್ಷಗಟ್ಟಲೆ. ಯಾವ ಕಂಬ ಎಲ್ಲಿ ಎಂದು ಒಂದೊಂದೇ ಜೋಡಣೆ ಪರೀಕ್ಷೆ ಮಾಡುತ್ತ ಕೂತರೆ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಲೆಕ್ಕ ಮುಗಿಯುವುದಿಲ್ಲ.

ಆದ್ದರಿಂದ ತಿಳಿದವರು ಇರುವೆಯನ್ನು ಕೇಳಿದರು. ಬೆಲ್ಲ ಸಿಕ್ಕ ಇರುವೆ ಗೂಡಿಗೆ ಮರಳುವಾಗ ದಾರಿಯುದ್ದಕ್ಕೂ ವಾಸನೆ ಬಿಡುತ್ತದೆ. ಹಿಂದಿನದು ಆ ವಾಸನೆ ಹಿಡಿದು ಹೋಗಿ ತಾನೂ ಇಷ್ಟು ಬಿಡುತ್ತದೆ. ಒಳ್ಳೆಯ ದಾರಿಯಲ್ಲಿ ವಾಸನೆ ದಟ್ಟವಾಗುತ್ತದೆ, ಕೆಲಸಕ್ಕೆ ಬಾರದ ದಾರಿಯದು ಆರಿಹೋಗುತ್ತದೆ. ಅಪ್ಪಣೆ ಕೊಡುವವರು ಯಾರೂ ಇಲ್ಲ, ಆದರೂ ಸಂಜೆಯೊಳಗೆ ಬೆಲ್ಲದ ಡಬ್ಬಿಯವರೆಗೆ ನೇರ ಸಾಲು. ಯಂತ್ರದಲ್ಲೂ ಹೀಗೇ. ಹತ್ತು ಲಕ್ಷ ಇರುವೆ ಜಿಲ್ಲೆಯ ನಕಾಶೆಯ ಮೇಲೆ ಓಡಾಡುತ್ತವೆ. ಪ್ರತಿಯೊಂದೂ ಕಂಬ ನೆಟ್ಟು ನೋಡುತ್ತದೆ, ಎಷ್ಟು ಜನರ ಮಾತು ಅದಕ್ಕೆ ಸಿಕ್ಕಿತೋ ಅಷ್ಟು ವಾಸನೆ ಬಿಟ್ಟು ಬರುತ್ತದೆ. ಸಾವಿರಾರು ಸುತ್ತು ಮುಗಿಯುವ ಹೊತ್ತಿಗೆ ಯೋಜನೆ ತಾನಾಗಿ ಮೂಡಿರುತ್ತದೆ. ಅದಕ್ಕೆ ಎಲ್ಲರೂ ಅದನ್ನು ಗೂಡು ಎಂದೇ ಕರೆಯುತ್ತಿದ್ದರು.

ಗೂಡಿಗೆ ಒಂದು ಕಟ್ಟುನಿಟ್ಟು ಇತ್ತು. ಯಾವ ಕಂಬವನ್ನೂ ಕೈಯಿಂದ ಇಡುವಂತಿಲ್ಲ. ಹಿಂದೆ ಊರಿಗೆ ಊರೇ ಸಿಗ್ನಲ್ ಇಲ್ಲದೆ ಒದ್ದಾಡುವಾಗ ಯಾರದೋ ಬೀಗರ ದನದ ಕೊಟ್ಟಿಗೆಯ ಹಿಂದೆ ಟವರು ಎದ್ದ ಕಥೆಗಳು ಬೇಕಾದಷ್ಟಿದ್ದವು. ಇರುವೆಗಳ ನಡಿಗೆಯ ನಿಯಮ ತಿದ್ದಬಹುದು, ಕಾರಣ ಬರೆದು, ಜಿಲ್ಲೆಗೆಲ್ಲ ಒಂದೇ ಸಮ ತಿದ್ದಬೇಕು. ಒಂದು ಊರಿಗೆಂದು ಒಂದು ಕಂಬ ಸರಿಸಿದರೂ ಇಡೀ ಯೋಜನೆಗೆ ಮೊಹರು ಬೀಳುವುದಿಲ್ಲ. ಮೊಹರಿನ ಗಡುವು ಈ ಶುಕ್ರವಾರ ಸಂಜೆ ಐದು ಗಂಟೆ. ಬಿದ್ದ ಮೇಲೆ ಹತ್ತು ವರ್ಷ ಅಲ್ಲಾಡಿಸುವಂತಿಲ್ಲ.

ಅಮರಮ್ಮ ಆಫೀಸಿಗೆ ಬಂದು ಪರದೆಯ ಮುಂದೆ ನಿಂತಳು. ನಕಾಶೆಯ ಮೂಲೆಯಲ್ಲಿ, ಗುಡ್ಡಸಾಲಿನ ನೆತ್ತಿಯ ಮೇಲೆ, ಇರುವೆಗಳು ಕರಿ ಎಳ್ಳು ಸುರುವಿದ ಹಾಗೆ ಮುತ್ತಿದ್ದವು.

"ಯಂತ್ರ ಕೆಟ್ಟೈತೇನಲೇ ಖಾಜಾ?"

"ಮೂರು ಸಲ ನೋಡಿದ್ನಿ ಅಕ್ಕಾರ. ಹೋದ ವರ್ಷ ಆ ಗುಂಡಿನ ಮ್ಯಾಲಿಂದ ಒಂದು ಲಕ್ಷದ ಮ್ಯಾಲ ಕರೆ ಹೋಗ್ಯಾವ. ದೆವ್ವ ಏನರ ಫೋನ್ ತಗೊಂಡಾವೇನೋ."

ಇರುವೆಗಳ ಮೇವು ಎಂದರೆ ಹಿಂದಿನ ವರ್ಷದ ಕರೆಗಳು. ಯಾರು ಏನು ಮಾತಾಡಿದರು ಎಂಬುದಲ್ಲ, ಮಾತಾಡುವಾಗ ಫೋನು ಎಲ್ಲಿತ್ತು ಎಂಬುದಷ್ಟೆ. ಮೇವು ಸುಳ್ಳು ಹೇಳಿರಲಿಲ್ಲ. ಲಕ್ಷ ಕರೆಗಳು ಆ ಬಂಡೆಯ ಮೇಲಿಂದಲೇ ಹೋಗಿದ್ದು ನಿಜ.

"ನಾಳೆ ಜೀಪು ತಗಸು," ಅಂದಳು ಅಮರಮ್ಮ. "ದೆವ್ವದ ಜೋಡಿ ಮಾತಾಡಿ ಬರೋಣು."

*

ಜೀಪು ಗುಡ್ಡದ ಬುಡಕ್ಕೆ ನಿಂತಿತು. ಅಲ್ಲಿಂದ ಕಾಲುದಾರಿ. ಸವೆದು ನುಣುಪಾದ ದಾರಿ, ದಿನಾ ನೂರಾರು ಪಾದ ತುಳಿದದ್ದು. ಅಮರಮ್ಮ ನಡುವೆ ಎರಡು ಸಲ ಕೂತು ಏದುಸಿರು ಸುಧಾರಿಸಿಕೊಂಡು ಮೇಲೆ ಬಂದಾಗ ಕಂಡದ್ದು ಸಂತೆ.

ಹಾಸುಬಂಡೆಯ ಮೇಲೆ ಮೂವತ್ತು ನಲವತ್ತು ಜನ. ಕುರಿಯ ಉಣ್ಣೆ ನೂಲುತ್ತಲೇ ಕಿವಿಗೆ ಫೋನು ಸಿಕ್ಕಿಸಿಕೊಂಡ ಹೆಂಗಸರು, ಕಂಬಳಿ ಹೆಗಲ ಗಂಡಸರು. ಬಂಡೆಯ ತುಂಬ ಸುಣ್ಣದಲ್ಲಿ ಬರೆದ ದುಂಡನೆಯ ಗುರುತುಗಳು. ಒಂದೊಂದರಲ್ಲಿ ಒಬ್ಬೊಬ್ಬರು, ಎರಡು ಪಾದ ಕೂಡಿಸಿ, ಒಂದೊಂದು ದಿಕ್ಕಿಗೆ ಮುಖ ಮಾಡಿ.

ಖಾಜಾ ಖಾಲಿ ಇದ್ದ ಒಂದು ದುಂಡಿನೊಳಗೆ ಹೋಗಿ ನಿಂತ.

"ಏ ಏ, ತಮ್ಮಾ! ಅದು ನಿಂಗಪ್ಪನ ಮನಿ ಜಾಗ. ಅಲ್ಲಿ ನಿಂತು ಹಚ್ಚಿದ್ರ ಕರೆ ಸೀದಾ ಅವನ ಹೇಣ್ತಿ ತವರಮನಿಗೆ ಹೋಗ್ತೈತಿ!" ಒಬ್ಬ ಮುದುಕ ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು.

"ಹೋಗ್ಲಿ ಬಿಡ್ರಿ ಯಜಮಾನ್ರ, ಉಂಡು ಬರ್ತೀನಿ," ಎಂದ ಖಾಜಾ.

ನಲವತ್ತೈದರ ಆಚೀಚಿನ ಒಬ್ಬ ಹೆಂಗಸು ಸೆರಗು ಸಿಕ್ಕಿಸುತ್ತ ಮುಂದೆ ಬಂದಳು. ಕೈಗೆ ಇನ್ನೂ ಸಾಂಬಾರಿನ ಅರಿಶಿನ ಅಂಟಿತ್ತು. "ಎಲ್ಲಿಂದ ಬಂದೀರಿ? ಇದು ಹಲೋ ಗುಂಡು ರೀ. ಕೆಳಗ ನಮ್ಮ ದೊಡ್ಡ್ಯಾಗ, ಸಣ್ಣ ಊರು ರೀ, ಫೋನಿಗೆ ಉಸಿರಿಲ್ಲ, ಗುಡ್ಡ ಅಡ್ಡ ಐತಿ. ಅದಕ್ಕ ಮನಿಗೊಂದು ಕಾಲಿನ ಜಾಗ ಮಾಡೀವಿ. ಸೊಸಿ ಬಂದ ಮರುದಿನ ಅತ್ತಿ ಕರಕೊಂಡು ಬಂದು, ಇದು ನಮ್ಮನಿ ಜಾಗ ನೋಡವಾ ಅಂತ ತೋರಸಬೇಕು. ಅಡಗಿಮನಿ ತೋರಸೋದು ಅದರ ಮ್ಯಾಲ."

"ಯಾವ ದೊಡ್ಡಿ?"

"ಕವಳಿದೊಡ್ಡಿ ರೀ."

ಅಮರಮ್ಮ ಅವಳ ಕೈಯ ಅರಿಶಿನವನ್ನೇ ನೋಡಿದಳು. "ನೀವು ಹುಲಿಗೆಮ್ಮ ಏನು? ಸಾಲ್ಯಾಗ ಅಡಗಿ ಮಾಡೋರು?"

ಆ ಹೆಂಗಸು ಕಣ್ಣು ಕಿರಿದು ಮಾಡಿದಳು. "ನಿಮಗ ಹೆಂಗ ಗೊತ್ತು?"

"ಆರು ವರ್ಷದ ಹಿಂದ ನಮ್ಮ ಆಫೀಸಿಗೆ ನೀವು ಕಾಗದ ಬರದಿದ್ರಿ. ‘ನಮ್ಮ ದೊಡ್ಡಿಯಲ್ಲಿ ನಾಲ್ಕುನೂರಾ ಹನ್ನೆರಡು ಜನ ಇದ್ದೇವೆ, ಬಂದು ಎಣಿಸಿಕೊಂಡು ಹೋಗಿರಿ’ ಅಂತ. ಅದು ನನ್ನ ಹತ್ರ ಐತಿ."

"ಹತ್ರ ಐತಿ!" ಹುಲಿಗೆಮ್ಮ ಸುತ್ತಲಿನವರ ಕಡೆ ತಿರುಗಿದಳು. "ಕೇಳಿದ್ರೇನ್ರಿ, ಹತ್ರ ಐತಂತ. ಹಂಗಾದ್ರ ಉತ್ತರ?"

"ಬರದೀನಿ. ಕಳಸಿಲ್ಲ."

"ಬರದ ಮ್ಯಾಲ ಕಳಸಾಕೇನು ಕೈ ಸೇದಿತ್ತೇನ್ರಿ?"

ಅಮರಮ್ಮ ತಲೆ ತಗ್ಗಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಗ ಅವಳು ಕಾಗದ ನೋಡಿದ ದಿನವೇ ಉತ್ತರ ಬರೆದಿದ್ದಳು: ನಿಮ್ಮ ದೊಡ್ಡಿಗೆ ಕಂಬ ಬರುತ್ತದೆ, ಇಂಥ ತಾರೀಖಿನಂದು ಎಂದು. ತಾರೀಖಿನ ಜಾಗ ಖಾಲಿ ಬಿಟ್ಟಿದ್ದಳು. ಮಂಜೂರಾಗುವ ತನಕ ಮಾತು ಕೊಡಬೇಡಿರಿ ಎಂದು ಆಗಿನ ಮೇಲಿನವರು ತಡೆದರು. ಮಂಜೂರಾಗಲಿಲ್ಲ. ‘ಆಗುವುದಿಲ್ಲ’ ಎಂದು ಇನ್ನೊಂದು ಕಾಗದ ಬರೆಯಲು ಇವಳಿಗೆ ಮನಸ್ಸಾಗಲಿಲ್ಲ. ಖಾಲಿ ಜಾಗದ ಕಾಗದ ಮೇಜಿನ ಖಾನೆಯಲ್ಲಿ ಆರು ವರ್ಷ ಕೂತಿತು.

"ತಾರೀಖು ತುಂಬಿದ ದಿನ ಕಳಸ್ತೀನಿ," ಎಂದಳು. "ಈ ಶುಕ್ರವಾರದೊಳಗ ಆಗಲಿಲ್ಲಂದ್ರ ಇನ್ನ ಹತ್ತು ವರ್ಷ ಆಗಂಗಿಲ್ಲ. ಸುಳ್ಳು ಹೇಳಂಗಿಲ್ಲ ನಾನು."

ಹುಲಿಗೆಮ್ಮ ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, "ಬರ್ರಿ," ಎಂದಳು. "ಬಂದೀರಿ ಅಂದಮ್ಯಾಲ ಎಣಿಸಿಕೊಂಡಽ ಹೋಗ್ರಿ."

ಗುಡ್ಡದ ಆ ಮಗ್ಗಲಿಗೆ ಇಳಿದರೆ ಕವಳಿಯ ಪೊದೆಗಳ ನಡುವೆ ತಗಡಿನ ಸೂರುಗಳು, ಕುರಿಹಟ್ಟಿಯ ಮುಳ್ಳಿನ ಬೇಲಿ. ಎಣಿಕೆ ಶುರುವಾದ ಮೊದಲ ಮನೆಯ ಕಟ್ಟೆಯ ಮೇಲೆ ಕೆಂಚವ್ವ ಎಂಬ ಮುದುಕಿ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಸೋತು ನಾಲ್ಕು ವರ್ಷ. ಅಂದಿನಿಂದ ಗುಂಡು ಹತ್ತಿಲ್ಲ. ಸಾಂಗ್ಲಿ ಕಡೆ ಕೊಟ್ಟ ಮಗಳ ದನಿ ಕೇಳಿಲ್ಲ. ಮಗಳು ಹೇಳಿದ್ದನ್ನೆಲ್ಲ ಹುಲಿಗೆಮ್ಮ ಮೇಲೆ ಕೇಳಿ, ನೆನಪಿಟ್ಟುಕೊಂಡು, ಕೆಳಗೆ ಬಂದು ಒಪ್ಪಿಸುತ್ತಾಳೆ.

"‘ಯವ್ವಾ, ಮೊಣಕಾಲಿಗೆ ಎಣ್ಣಿ ತಿಕ್ಕಾಕತ್ತೀಯೋ ಇಲ್ಲೋ, ಇಲ್ಲಂದ್ರ ಬಂದು ಬೈತೀನಿ’ ಅಂದ್ಳು ನಿನ್ನ ಮಗಳು," ಎಂದಳು ಹುಲಿಗೆಮ್ಮ, ಕಟ್ಟೆಯ ಮೇಲೆ ಕೂತು.

"ಅಳಲಿಲ್ಲಲ್ಲ?"

"ಇಲ್ಲಬೇ. ನಕ್ಕಳು."

"ಹೆಂಗ ನಕ್ಕಳು? ನಕ್ಕು ತೋರಸು."

ಹುಲಿಗೆಮ್ಮ ನಕ್ಕು ತೋರಿಸಿದಳು. ಮೊದಲು ಮೂಗಿನಲ್ಲಿ ಸಣ್ಣಗೆ, ಆಮೇಲೆ ಬಾಯಿಬಿಟ್ಟು. ಮುದುಕಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಖಾಜಾ ಮುಖ ಆಚೆ ತಿರುಗಿಸಿಕೊಂಡು ಬೇಲಿಯ ಮುಳ್ಳು ಎಣಿಸುವವನ ಹಾಗೆ ನಿಂತ.

*

"ಅಲ್ಲೊಂದು ಕಂಬ ಇಟ್ಟುಬಿಡೋಣು ಅಂತ ನನಗೂ ಅನಸ್ತೈತಿ," ಎಂದರು ನಿರ್ದೇಶಕ ಸಂಗನಬಸಪ್ಪನವರು, ಮಂಗಳವಾರ. ಕೆಟ್ಟವರಲ್ಲ, ಕಟ್ಟುನಿಟ್ಟಿನವರು. "ಇಟ್ರ ಮೊಹರು ಬೀಳಂಗಿಲ್ಲ. ಒಂದು ದೊಡ್ಡಿ ಸಲುವಾಗಿ ಇಡೀ ಜಿಲ್ಲಾ ಕತ್ತಲ್ಯಾಗ ಕುಂದ್ರಸೋಣೇನವಾ?"

"ಕೈ ಹಚ್ಚಂಗಿಲ್ಲ ಸಾಹೇಬ್ರ. ಇರಿವಿಗೇ ಬುದ್ಧಿ ಹೇಳ್ತೀನಿ."

ಹೇಳಿ ನೋಡಿದಳು. ಜನ ವಾಸವಿಲ್ಲದ ಬಂಡೆಯ ಮೇಲಿನ ಕರೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿರಿ ಎಂದು ಮೊದಲು. ಇರುವೆಗಳೇನೋ ಗುಂಡಿನಿಂದ ಇಳಿದವು. ಇಳಿದು ನೇರವಾಗಿ ತಾಲೂಕಿನ ಪೇಟೆಗೆ ಹೋದವು, ಅಲ್ಲಿ ನಕಾಶೆಯಲ್ಲಿ ಆಗಲೇ ಕಂಬದ ಪಕ್ಕ ಕಂಬ ನಿಂತಿದ್ದ ಬಟ್ಟೆಯಂಗಡಿ ಸಾಲಿಗೆ ಇನ್ನೂ ಮೂರು ಬಡಿದವು. ಕವಳಿದೊಡ್ಡಿಯ ಮೇಲೆ ಒಂದು ಇರುವೆಯೂ ಹಾಯಲಿಲ್ಲ.

"ಇವೂ ಥೇಟ್ ನಮ್ಮಂಗಽ ಅದಾವ ಅಕ್ಕಾರ," ಎಂದ ಖಾಜಾ. "ಅಂಗಡಿ ಕಂಡ ಕಡೆ ಓಡ್ತಾವ."

ಅಮರಮ್ಮ ನಗಲಿಲ್ಲ. ಆ ದೊಡ್ಡಿಯಿಂದ ಒಂದೂ ಕರೆ ಇಲ್ಲ, ಏಕೆಂದರೆ ಅಲ್ಲಿ ಸಿಗ್ನಲ್ ಇಲ್ಲ. ಕರೆ ಇಲ್ಲದ್ದಕ್ಕೆ ಅಲ್ಲಿ ವಾಸನೆ ಇಲ್ಲ. ವಾಸನೆ ಇಲ್ಲದ್ದಕ್ಕೆ ಇರುವೆ ಹೋಗುವುದಿಲ್ಲ. ಇರುವೆ ಹೋಗದಿದ್ದರೆ ಕಂಬ ಬರುವುದಿಲ್ಲ. ಎಲ್ಲಿ ಹಿಡಿದು ಎಳೆದರೂ ಸುತ್ತಿಕೊಂಡು ಅಲ್ಲಿಗೇ ಬರುವ ಸಿಕ್ಕು. ಬುಧವಾರ ಇಡೀ ದಿನ ಆ ಸಿಕ್ಕು ಬಿಡಿಸಿದರೂ ತುದಿ ಸಿಗಲಿಲ್ಲ.

*

ಬುಧವಾರ ಸಂಜೆ ಮನೆಗೆ ಬಂದರೆ ರಾಚವ್ವ ಕೌದಿಯ ಕೊನೆಯ ಸಾಲಿನಲ್ಲಿದ್ದಳು. ಪಕ್ಕದಲ್ಲಿ ತಾಟಿನಲ್ಲಿ ಒಂದು ಒಣ ರೊಟ್ಟಿ.

"ಬಾ, ಮೂಲಿ ಹಿಡಿ. ಹೊಟ್ಟಿ ತುಂಬಸೋದೈತಿ."

ಆ ಮನೆಯ ಪದ್ಧತಿ ಅದು. ಕೌದಿ ಮುಗಿಯುವಾಗ ಮೂಲೆಯ ಪದರದೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯಬೇಕು. ಕೌದಿ ಹಸಿದಿರಬಾರದು. ಅಮರಮ್ಮ ಮದುವೆಯಾಗಿ ಬಂದಾಗಿನಿಂದ ನೋಡಿದ್ದಳು, ಎಂದೂ ಯಾಕೆ ಎಂದು ಕೇಳಿದವಳಲ್ಲ. ಅಂದು ದಣಿದ ಕಣ್ಣಿಂದ ಸುಮ್ಮನೆ ನೋಡುತ್ತ ಕೂತಳು. ರಾಚವ್ವ ಒಂದು ಮೂಲೆಗೆ ಚೂರು ಇಟ್ಟಳು. ಎರಡನೆಯ ಮೂಲೆಗೂ ಇಟ್ಟಳು. ಮೂರನೆಯದಕ್ಕೂ ಮುರಿದಳು.

"ನಾಕೂ ಮೂಲಿಗೆ ಯಾಕತ್ತಿ? ಒಂದಕ್ಕ ಇಟ್ರ ಸಾಲಂಗಿಲ್ಲೇನು?"

"ಯಾವ ಮೂಲಿ ಹಸದೈತಿ ಅಂತ ನಿನಗ ಗೊತ್ತೈತೇನು? ನನಗ ಗೊತ್ತಿಲ್ಲವಾ. ಅದಕ್ಕ ಎಲ್ಲಾದಕ್ಕೂ ಇಡ್ತೀನಿ. ಒಂದಕ್ಕ ಇಟ್ರ ಉಳದವು ಅಳತಾವ."

ಅಮರಮ್ಮನ ಕೈ ನಿಂತಿತು. "ಇಷ್ಟು ಸಣ್ಣ ಚೂರು?"

"ಮತ್ತೇನು ಇಡೀ ಬುಟ್ಟಿ ಸುರವ್ಲೇನು? ಕೌದಿ ಹೊಚಗೊಳ್ಳಾಕಿರೋದು, ಉಣ್ಣಾಕಲ್ಲ. ಐತಿ ಅನ್ನಾಕ ಇಷ್ಟಿದ್ರ ಸಾಕು."

"ಒಗೆದಾಗ ಹೋಗಂಗಿಲ್ಲೇನು?"

"ಹೊಲದೀನಲ್ಲ? ಹೊಲದ ಮ್ಯಾಲ ಯಾರು ತಗೀತಾರ?" ರಾಚವ್ವ ಹಲ್ಲಿನಿಂದ ದಾರ ಕಡಿದಳು. "ಯಾಕಬೇ, ಹಂಗ ನೋಡಾಕತ್ತೀ? ಕೌದಿ ಎಂದೂ ಕಂಡಿಲ್ಲ ಅನ್ನೋರಂಗ."

ಅಮರಮ್ಮ ಅತ್ತೆಯ ಎರಡೂ ಕೈ ಹಿಡಿದು, ರೊಟ್ಟಿಯ ಚೂರಿನ ಸಮೇತ ಕಣ್ಣಿಗೆ ಒತ್ತಿಕೊಂಡಳು. ರಾಚವ್ವನಿಗೆ ದಿಗಿಲಾಯಿತು. "ಏನಾತಽ ನಿನಗ? ಆಫೀಸಿನ್ಯಾಗ ಯಾರರ ಏನರ ಅಂದ್ರೇನು?"

*

ಗುರುವಾರ ಮುಂಜಾನೆ ಅವಳು ಬರೆದ ಹೊಸ ನಿಯಮ ಎರಡೇ ಸಾಲು. ಆಕಾಶದಿಂದ ತೆಗೆದ ಚಿತ್ರದಲ್ಲಿ ಎಲ್ಲೆಲ್ಲಿ ಮನೆಯ ಸೂರು ಕಾಣುತ್ತದೋ, ಅಲ್ಲೆಲ್ಲ, ಕರೆ ಇರಲಿ ಬಿಡಲಿ, ಮೊದಲೇ ಒಂದು ತುತ್ತು ವಾಸನೆ ಇಡತಕ್ಕದ್ದು. ಆ ತುತ್ತು ಎಂದಿಗೂ ಪೂರ್ತಿ ಆರತಕ್ಕದ್ದಲ್ಲ.

ಸಂಗನಬಸಪ್ಪನವರು ಎರಡು ಸಲ ಓದಿದರು. "ಜಿಲ್ಲಾಕ್ಕೆಲ್ಲ ಒಂದಽ ಸಮ?"

"ಪೇಟಿ ಸೂರಿಗೂ ಅಷ್ಟಽ, ದೊಡ್ಡಿ ಸೂರಿಗೂ ಅಷ್ಟಽ."

"ಕಾರಣ ಏನಂತ ಬರೀಲಿ?"

"ಮಾತಾಡದವರಿಗೂ ಮಾತಾಡೋದಿರತೈತಿ ಅಂತ ಬರೀರಿ."

ಅವರು ಪೆನ್ನು ತೆರೆದರು.

ಆದರೆ ತುತ್ತು ಎಷ್ಟು ದೊಡ್ಡದು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಚಿಕ್ಕ ಓಟ ಓಡಿಸಿ ನೋಡಿದರು, ಮೊದಲ ಸಲ ಹೆಚ್ಚಾಯಿತು. ಇರುವೆಗಳು ಹುಚ್ಚೆದ್ದು ಜಿಲ್ಲೆಯ ಮೂಲೆಮೂಲೆಗೆ ಚದುರಿದವು, ಹೊಲದ ನಡುವಿನ ಪಂಪಿನ ಮನೆಗೂ ಕಂಬ ಕೇಳಿದವು. ಯೋಜನೆ ನೀರು ಮಜ್ಜಿಗೆಯಾಯಿತು. ಎರಡನೆಯ ಸಲ ಕಡಿಮೆಯಾಯಿತು. ಕವಳಿದೊಡ್ಡಿಯ ತುತ್ತು ಕಂಡೂ ಕಾಣದಷ್ಟಿತ್ತು, ಇರುವೆಗಳು ಮೂಸಲೂ ಇಲ್ಲ. ಊಟಕ್ಕೂ ಏಳದೆ ಅಮರಮ್ಮ, ಖಾಜಾ ಇಬ್ಬರೂ ಮತ್ತೆ ಮತ್ತೆ ತಿದ್ದಿದರು. ಉಪ್ಪು ಹದ ಮಾಡುವ ಕೆಲಸ, ಅವಸರಕ್ಕೆ ಬಗ್ಗುವುದಲ್ಲ. ಸಂಜೆಯ ಹೊತ್ತಿಗೆ ಅಮರಮ್ಮ ಒಂದು ಅಳತೆಗೆ ನಿಲ್ಲಿಸಿದಳು.

"ಇದು ಯಾಕಕ್ಕಾರ?"

"ನಮ್ಮತ್ತಿ ಮುರದ ಚೂರು ಇಷ್ಟಽ ಇತ್ತು. ಕೌದಿ ಎಷ್ಟು, ಚೂರು ಎಷ್ಟು ಅಂತ ಅಂದಾಜು ಹಿಡದೆ."

"ಇದನ್ನೂ ಸಾಹೇಬ್ರಿಗೆ ಬರದು ಕೊಡೂನೇನ್ರಿ?" ಎಂದ ಖಾಜಾ. ಆ ವಾರದಲ್ಲಿ ಅಮರಮ್ಮ ಮೊದಲ ಸಲ ನಕ್ಕಳು.

*

ಶುಕ್ರವಾರ ಹತ್ತಕ್ಕೆ ಗೂಡನ್ನು ಓಡಲು ಬಿಟ್ಟರು. ಪೂರ್ತಿ ಓಟಕ್ಕೆ ಆರು ಗಂಟೆ ಬೇಕು. ಇನ್ನೊಂದು ಓಟಕ್ಕೆ ಹೊತ್ತಿಲ್ಲ.

ಹನ್ನೊಂದಕ್ಕೆ ಇರುವೆಗಳು ಪೇಟೆಯಲ್ಲಿ. ಹನ್ನೆರಡಕ್ಕೆ ಗುಂಡಿನ ಮೇಲೆ. ಅಲ್ಲಿನ ಕರೆಗಳನ್ನು ಲೆಕ್ಕದಿಂದ ತೆಗೆಯುವ ಹಿಂದಿನ ತಿದ್ದುಪಡಿಯನ್ನು ಅಮರಮ್ಮ ಕೈಬಿಟ್ಟಿದ್ದಳು. ಆ ಕರೆಗಳೂ ಜನರವೇ ತಾನೆ. ಒಂದು ಗಂಟೆಗೆ ಗುಂಡು ಮತ್ತೆ ಕರ್ರಗೆ ಮುತ್ತಿಕೊಂಡಿತು. ಸಂಗನಬಸಪ್ಪನವರು ಬಂದು ಬೆನ್ನ ಹಿಂದೆ ಕೈ ಕಟ್ಟಿ ನಿಂತರು.

ಎರಡಕ್ಕೆ ಹತ್ತು ನಿಮಿಷ ಇರುವಾಗ ಖಾಜಾ ಕುರ್ಚಿಯಿಂದ ಅರ್ಧ ಎದ್ದ. "ಅಕ್ಕಾರ. ಒಂದು ತಪ್ಪಿಸಿಕೊಂಡೈತಿ."

ಒಂದೇ ಒಂದು ಇರುವೆ. ಗುಂಡಿನ ದಟ್ಟ ವಾಸನೆ ಬಿಟ್ಟು, ಇಳಿಜಾರಿನಲ್ಲಿ ತಡವರಿಸುತ್ತ, ನಿಂತು, ತಿರುಗಿ, ಮತ್ತೆ ಮುಂದೆ. ಕವಳಿದೊಡ್ಡಿಯ ತುತ್ತು ಅದಕ್ಕೆ ಸಿಕ್ಕಿತು. ನೂರು ಸೂರು, ನೂರು ತುತ್ತು. ಅದು ದೊಡ್ಡಿಯಲ್ಲಿ ಕಂಬ ನೆಟ್ಟು ನೋಡಿತು. ಪರವಾಗಿಲ್ಲ ಎನ್ನುವಷ್ಟು ವಾಸನೆ ಬಿಟ್ಟು ಹಿಂದಿರುಗಿತು.

ಮುಂದಿನ ಸುತ್ತಿನಲ್ಲಿ ಅದರ ಹಿಂದೆ ನಾಲ್ಕು. ಆಮೇಲೆ ಅರವತ್ತು. ಅದರಲ್ಲೊಂದು ದೊಡ್ಡಿಗೂ ಹೋಗದೆ, ಗುಂಡಿಗೂ ಹೋಗದೆ, ನಡುವಿನ ಗುಡ್ಡದ ಹೆಗಲ ಮೇಲೆ ನಿಂತುಬಿಟ್ಟಿತು. ಅಲ್ಲಿ ನೆಟ್ಟ ಕಂಬಕ್ಕೆ ಒಂದು ಕಡೆ ಗುಂಡು ಕಾಣುತ್ತದೆ, ಇನ್ನೊಂದು ಕಡೆ ದೊಡ್ಡಿಯ ಅಷ್ಟೂ ಸೂರು. ಗುಂಡಿನ ಮೇಲಿನ ಲಕ್ಷ ಕರೆಯ ರುಚಿಯೂ ಸಿಕ್ಕಿತು, ನೂರು ತುತ್ತೂ ಸಿಕ್ಕವು. ಅಷ್ಟು ದಟ್ಟ ವಾಸನೆ ಆ ಮಗ್ಗಲಲ್ಲಿ ಎಂದೂ ಎದ್ದಿರಲಿಲ್ಲ. ನೋಡನೋಡುತ್ತ ಗುಂಡಿನ ಮೇಲಿನ ಕರಿ ಎಳ್ಳು ಕರಗತೊಡಗಿತು. ಇರುವೆಗಳು ಸಾಲುಗಟ್ಟಿ ಗುಂಡಿನಿಂದ ಇಳಿದು ಹೆಗಲಿಗೆ ಬಂದವು. ಮೂರು ಕಂಬದ ಜಾಗಕ್ಕೆ ಒಂದೇ ಕಂಬ ಸಾಕಾಯಿತು.

"ಇಳದ್ವು ನೋಡ್ರಿ! ಇಳದ್ವು!" ಖಾಜಾ ಚಪ್ಪಾಳೆ ಹೊಡೆದ.

"ಬರೀ ಅಲ್ಲಿ ನೋಡಬ್ಯಾಡ," ಅಮರಮ್ಮ ಬೆರಳಿಂದ ನಕಾಶೆಯ ಇನ್ನೊಂದು ತುದಿ ತೋರಿಸಿದಳು. ನದಿಯ ನಡುಗಡ್ಡೆಯ ಮೇಲೊಂದು ಸಾಲು. ಕಲ್ಲುಗಣಿಯ ಹಿಂದಿನ ಕ್ಯಾಂಪಿಗೊಂದು. ಹೆಸರು ಕೂಡ ಕೇಳದ ತಾಂಡಾಗಳಿಗೆ, ಹಟ್ಟಿಗಳಿಗೆ. ಒಟ್ಟು ಮೂವತ್ತೊಂದು ಕಡೆ, ಇದುವರೆಗೆ ಒಂದು ಇರುವೆಯೂ ಹಾಯದ ಜಾಗಗಳಿಗೆ, ಸಾಲು ಹೊರಟಿತ್ತು. ಅಲ್ಲೆಲ್ಲ ಎಷ್ಟು ಹುಲಿಗೆಮ್ಮಂದಿರು ಎಷ್ಟು ಕಾಗದ ಬರೆದಿದ್ದರೋ, ಬರೆಯದೆಯೇ ಇದ್ದರೋ.

ನಾಲ್ಕು ಗಂಟೆ ಐದು ನಿಮಿಷಕ್ಕೆ ಗೂಡು ನಿಂತಿತು. ಬಳಸಿದ ಕಂಬ: ಮೂರು ಸಾವಿರದ ತೊಂಬತ್ನಾಲ್ಕು. ಆರು ಕಂಬ ಉಳಿದಿದ್ದವು. ಪೇಟೆಯಲ್ಲಿ ಕಂಬದ ಪಕ್ಕದ ಕಂಬ ದಂಡ ಎಂದು ಇರುವೆಗಳೇ ತಿಳಿದು ಅವನ್ನು ಕಿತ್ತಿದ್ದವು.

ಸಂಗನಬಸಪ್ಪನವರು ಬಹಳ ಹೊತ್ತು ಆ ಅಂಕಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಯಾವ ವಿಶ್ವವಿದ್ಯಾಲಯದಾಗ ಕಲತ ವಿದ್ಯಾ ಇದು ಅಮರಮ್ಮ?"

"ನಮ್ಮ ಪಡಸಾಲಿದು ಸಾಹೇಬ್ರ."

ನಾಲ್ಕೂ ನಲವತ್ತಕ್ಕೆ ಮೊಹರು ಬಿತ್ತು.

*

ಮೊಹರು ಬಿದ್ದ ಮಾತ್ರಕ್ಕೆ ಅಮರಮ್ಮ ಕಾಗದ ಕಳಿಸಲಿಲ್ಲ. ಕಂಬ ನೆಲಕ್ಕೆ ಇಳಿಯಲಿ ಎಂದಳು. ಒಂದು ಸಲ ಖಾಲಿ ಜಾಗ ಬಿಟ್ಟು ಕೈ ಸುಟ್ಟುಕೊಂಡವಳು ಅವಳು.

ನಾಲ್ಕು ತಿಂಗಳಾದ ಮೇಲೆ, ಒಂದು ಮಂಗಳವಾರ ಮಧ್ಯಾಹ್ನ, ಗೊತ್ತಿಲ್ಲದ ಸಂಖ್ಯೆಯಿಂದ ಫೋನು ಬಂತು. ಹಿಂದೆ ಪಾತ್ರೆ ಬಡಿಯುವ ಸದ್ದು, ಕೋಳಿಯ ಕೂಗು.

"ಅಕ್ಕಾವ್ರ, ನಾನು ಹುಲಿಗೆಮ್ಮ. ಒಲಿ ಮುಂದ ಕುಂತು ಮಾತಾಡಾಕತ್ತೀನಿ. ಕೇಳ್ರಿ, ಪಲ್ಯಾ ಚರ್‍ರ್ ಅಂತೈತಿ. ಕೇಳಸ್ತೇನು?"

"ಕೇಳಸ್ತು ಹುಲಿಗೆಮ್ಮ. ಒಗ್ಗರಣಿ ಹೊತ್ತಸಬ್ಯಾಡ್ರಿ."

"ಹೊತ್ತಲಿ ಬಿಡ್ರಿ ಇವತ್ತ! ಮುಂಜಾನಿಂದ ದೊಡ್ಡಿ ತುಂಬ ಬರೇ ಫೋನಿನ ಗದ್ದಲ. ನಿಂಗಪ್ಪ ಮಂಚದ ಮ್ಯಾಲ ಮಲಗಿ ಬೀಗರಿಗೆ ಹಚ್ಯಾನ, ಏಳವಲ್ಲ. ಮತ್ತ ಕೆಂಚವ್ವ..." ಸೌಟಿನ ಸದ್ದು ನಿಂತಿತು. "ಕೆಂಚವ್ವಗ ಮಗಳಿಗೆ ಹಚ್ಚಿಕೊಟ್ಟೆ, ಅಕಿ ಕಟ್ಟಿ ಮ್ಯಾಲಽ. ಒಂದು ತಾಸು ಮಾತಾಡಿದ್ಳು. ಇಟ್ಟ ಮ್ಯಾಲ ನನಗ ಏನಂದ್ಳು ಗೊತ್ತೇನ್ರಿ? ‘ಹುಲಿಗಿ, ನನ್ನ ಮಗಳು ಥೇಟ್ ನಿನ್ನಂಗಽ ನಗತಾಳಲ್ಲಽ’ ಅಂದ್ಳು."

ಅಮರಮ್ಮನಿಗೆ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು. "ಗುಂಡಿನ ಮ್ಯಾಲ ಈಗ ಯಾರೂ ಹೋಗಂಗಿಲ್ಲೇನು?"

"ಹೋಗ್ತೀವಿ ರೀ. ಸಂಜಿ ಮುಂದ. ಮಾತಾಡಾಕ ಅಲ್ಲ, ಗಾಳಿಗೆ ಕುಂದ್ರಾಕ. ಫೋನ್ ಮನ್ಯಾಗ ಇಟ್ಟು ಹೋಗ್ತೀವಿ." ಹುಲಿಗೆಮ್ಮ ಪಾತ್ರೆ ಕೆಳಗಿಳಿಸಿದ ಸದ್ದು. "ಅದಿರ್ಲಿ, ನನ್ನ ಉತ್ತರ ಎಲ್ಲಿ?"

"ಉತ್ತರ ಬಂದೈತಲ್ಲ. ಕಂಬ ಬಂತಲ್ಲ."

"ಅದೆಲ್ಲಾ ನಡ್ಯಂಗಿಲ್ಲ. ಕಾಗದ ಬರದೋಳು ನಾನು. ಕಾಗದಕ್ಕ ಕಾಗದ ಬರಬೇಕು. ಸಾಲಿ ಗ್ವಾಡಿಗೆ ಹಚ್ಚೋದೈತಿ ಅದನ್ನ."

ಫೋನಿಟ್ಟು ಅಮರಮ್ಮ ಮೇಜಿನ ಖಾನೆ ಎಳೆದಳು. ಆರು ವರ್ಷದ ಹಾಳೆ ಅಂಚಿಗೆ ಹಳದಿಯಾಗಿತ್ತು, ಅಕ್ಷರ ಮಾಸಿರಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಅಂದಿನ ತಾರೀಖು ತುಂಬಿದಳು. ಕೆಳಗೆ ಒಂದು ಸಾಲು ಸೇರಿಸಿದಳು: ‘ತಾವು ಹೇಳಿದಂತೆ ಬಂದು ಎಣಿಸಿದ್ದೇವೆ. ನಾಲ್ಕುನೂರಾ ಹನ್ನೆರಡಲ್ಲ, ಈಗ ನಾಲ್ಕುನೂರಾ ಐವತ್ತು ಜನ ಇದ್ದೀರಿ. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ.’ ಸಹಿ ಮಾಡಿದಳು. ಮಡಚಿ ಲಕೋಟೆಗೆ ಹಾಕಿ, ಹುಲಿಗೆಮ್ಮ, ಶಾಲೆಯ ಅಡುಗೆಮನೆ, ಕವಳಿದೊಡ್ಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಳು.

"ಕೊಡ್ರಿ ಅಕ್ಕಾರ, ಹೋಗೋ ಮುಂದ ನಾನಽ ಹಾಕಿ ಬರ್ತೀನಿ," ಎಂದ ಖಾಜಾ.

"ಬ್ಯಾಡಪಾ. ಇದನ್ನ ನಾನಽ ಹಾಕಬೇಕು."

ಅಂಚೆ ಕಚೇರಿ ರಸ್ತೆಯ ಆಚೆ. ಬಿಸಿಲು ಸುಡುತ್ತಿತ್ತು. ಅಮರಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ರಸ್ತೆ ದಾಟಿ, ಕೆಂಪು ಡಬ್ಬಿಯ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಲಕೋಟೆ ಬಿಟ್ಟಳು. ಅದು ತಳ ಮುಟ್ಟಿದ ಸದ್ದು ಕೇಳಿದ ಮೇಲೆಯೇ ಕೈ ತೆಗೆದಳು.